ಕತ್ತಿನ ಕಪ್ಪು

ಇಟ್ಸೆಲ್,

ನಿನ್ನ ಗಣಿತದ ಪುಸ್ತಕದೊಳಗೆ ಬಚ್ಚಿಟ್ಟಿದ್ದ ಶಾಲೆಯ ನರ್ಸಮ್ಮನ ಕಾಗದ ಸಿಕ್ಕಿತು. ಮೂರು ವಾರದ ಹಿಂದಿನದು, ಕೆಳಗೆ ನನ್ನ ಹೆಸರಿನ ಸಹಿ ಬೇರೆ. ಆ ನಡುಗುವ ಗೆರೆ ನಿನ್ನ ಅಜ್ಜಿಯದೇ. ಕೇಳಿದರೆ, "ನಂಗೇನ್ ಗೊತ್ತಮ್ಮಾ, ಕಣ್ಣೇ ಕಾಣಲ್ಲ" ಅಂದರು. ಲಾಟರಿ ಚೀಟಿ ಮಾತ್ರ ಚೆನ್ನಾಗಿ ಕಾಣುತ್ತದೆ.

ನಿನ್ನ ಕತ್ತಿನ ಕಪ್ಪು ಕೊಳೆಯಲ್ಲವಂತೆ. ಒಳಗೆ ಇನ್ಸುಲಿನ್ ಇದ್ದರೂ ಮೈ ಅದರ ಮಾತು ಕೇಳದಿದ್ದಾಗ ಚರ್ಮ ಹಾಗಾಗುತ್ತದಂತೆ. ಈಗಲೇ ಎಚ್ಚೆತ್ತರೆ ಸಕ್ಕರೆ ಕಾಯಿಲೆಯನ್ನು ತಡೆಯಬಹುದು ಅಂತ ಬರೆದಿದ್ದಾರೆ.

ಫ್ರಿಜ್ಜಿನಲ್ಲಿ ಹುರುಳಿ, ಮುಳ್ಳು ತೆಗೆದ ಪಾಪಾಸುಕಳ್ಳಿಯ ಪಲ್ಯ ಇದೆ. ಟೋರ್ಟಿಯಾ ರೊಟ್ಟಿ ಎರಡೇ ತಿನ್ನು, ಉಳಿದವನ್ನು ಎಣಿಸಿಟ್ಟಿದ್ದೇನೆ. ನಿನ್ನ ಮಂಚದಡಿಯ ಸೋಡಾ ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದೆ. ಊಟವಾದ ಮೇಲೆ ಅಜ್ಜಿಯ ಜೊತೆ ಕಾಲುವೆಯವರೆಗೆ ನಡೆದು ಬಾ. ಕೆಲಸದಿಂದ ಬಂದು ಇಬ್ಬರ ಚಪ್ಪಲಿಯನ್ನೂ ನೋಡುತ್ತೇನೆ, ಮಣ್ಣಿರಬೇಕು.

ಮೂರು ಭಾನುವಾರವೂ ಚರ್ಚಿಗೆ ಹೊರಡುವ ಮೊದಲು ನಿಂಬೆಹಣ್ಣು, ಅಡುಗೆ ಸೋಡಾ ಹಚ್ಚಿ ನಿನ್ನ ಕತ್ತು ಕೆಂಪಾಗುವಂತೆ ಬ್ರಷ್ಷಿನಿಂದ ಉಜ್ಜಿದೆ. ಕೊಳಕಿ ಅಂದೆ. ಕೊಳೆಯಲ್ಲ ಅಂತ ಗೊತ್ತಿದ್ದೂ ನೀನು ಸುಮ್ಮನೆ ತಲೆ ಬಗ್ಗಿಸಿ ನಿಂತೆ. ನನಗೆ ಯಾಕೆ ಹೇಳಲಿಲ್ಲ? ಅದೊಂದಕ್ಕೆ ನಿಜವಾದ ಉತ್ತರ ಬೇಕು, ಅಜ್ಜಿ ಹೇಳಿಕೊಟ್ಟದ್ದಲ್ಲ.

ಬ್ರಷ್ಷನ್ನು ಕಸಕ್ಕೆ ಹಾಕಿದ್ದೇನೆ. ಗುರುವಾರ ಪ್ಯಾಕಿಂಗ್ ಶೆಡ್ಡಿನ ಕೆಲಸಕ್ಕೆ ರಜೆ ಹಾಕಿ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅವತ್ತು ಕೂದಲು ಇಳಿಬಿಡಬೇಡ, ಎತ್ತಿ ಕಟ್ಟಿಕೋ.

ಅಮ್ಮ