ಹನ್ನೆರಡನೆಯ ಕುರ್ಚಿ

ಕೆ.ಆರ್. ಪೇಟೆ
14-5-1997, ಬುಧವಾರ

ಪ್ರೀತಿಯ ತಂಗಿ ಲೂರ್ದುಗೆ ಅಣ್ಣ ಇನ್ನಾಸಿಯ ಸ್ತೋತ್ರ.

ನಾನು, ಪ್ರಮೀಳಾ, ಅರ್ಪಿತ ಮೂವರೂ ಕ್ಷೇಮ. ಪಾಂಡವಪುರದ ಮನೆಯಲ್ಲಿ ನೀನೂ ನಿನ್ನ ಯಜಮಾನರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಹಾಕಲಿಲ್ಲ, ಬೈಯಬೇಡ ಕಣಮ್ಮ. ಮೇ ತಿಂಗಳು ಬಂತೆಂದರೆ ಕರೆಂಟು ಏರಿ ಇಳಿದು ಸುತ್ತಮುತ್ತಲ ಪಂಪ್‌ಸೆಟ್ಟುಗಳೆಲ್ಲ ಸುಟ್ಟು ನನ್ನ ಅಂಗಡಿ ಮುಂದೆ ಬಂದು ಬೀಳುತ್ತವೆ. ನೆನ್ನೆ ಅಕ್ಕಿಹೆಬ್ಬಾಳಿನ ಪುಟ್ಟಸ್ವಾಮಿ ಎನ್ನುವವರು ಟ್ರಾಕ್ಟರಿನಲ್ಲಿ ಮೋಟಾರು ತಂದು, "ಕಬ್ಬು ಒಣಗ್ತಾ ಅದೆ ಕಣಪ್ಪ, ಇವತ್ತೇ ತಂತಿ ಸುತ್ಕೊಟ್ಬುಡು" ಎಂದು ಬೆಂಚಿನ ಮೇಲೆ ಕೂತವರು ಏಳಲೇ ಇಲ್ಲ. ಇದೆಲ್ಲ ನೆಪ ಎಂದು ನೀನು ಅಂದರೆ ನಾನು ವಾದಕ್ಕೆ ಬರುವುದಿಲ್ಲ.

ಇಪ್ಪತ್ತನಾಲ್ಕನೇ ತಾರೀಕು ಅಪ್ಪನ ಮೂವತ್ತನೆಯ ದಿನದ ಪೂಜೆ. ಪೂಜೆ ಮುಗಿದ ಮೇಲೆ ಓದಲು ಒಂದು ಪುಟದ ಜೀವನ ಚರಿತ್ರೆ ಬೇಕೆಂದು ಹೊಸ ಫಾದರು ಕೇಳಿದ್ದಾರೆ, ಅದನ್ನು ನಾನೇ ಬರೆದು ನಾನೇ ಓದಬೇಕು ಎಂದು ನೀನು ಅಪ್ಪಣೆ ಮಾಡಿದ್ದೀಯ. ಬರೆದಿದ್ದೇನೆ, ಇದರ ಜೊತೆಗಿದೆ. ಓದಿ ನೋಡಿದ ಪ್ರಮೀಳಾ, "ಏನ್ರೀ, ಮಾವನ ಬಗ್ಗೆ ಬರೀರಿ ಅಂದ್ರೆ ಮೋಟಾರ್ ರಿಪೇರಿ ಚೀಟಿ ಬರ್ದಂಗೆ ಬರ್ದಿದ್ದೀರಲ್ಲ" ಎಂದಳು. ನನಗೆ ಬರುವುದು ಅಷ್ಟೇ. ಬರೆದಿದ್ದರ ಮುಖ್ಯ ಸಂಗತಿಗಳು ಇವು, ತಪ್ಪಿದ್ದರೆ ತಿದ್ದು.

ಹುಟ್ಟಿದ್ದು 1931, ಶ್ರೀರಂಗಪಟ್ಟಣ. ಓದಿದ್ದು ನಾಲ್ಕನೇ ಕ್ಲಾಸು. ಚಿನಕುರಳಿಯ ಕ್ವಾರಿಯಲ್ಲಿ ಕಲ್ಲು ಹೊತ್ತು, ಆಮೇಲೆ ಕಲ್ಲು ಒಡೆದು, ಮೂವತ್ತನೇ ವಯಸ್ಸಿಗೆ ಪಾಂಡವಪುರದಲ್ಲಿ ಸ್ವಂತ ವ್ಯಾಪಾರ ಇಟ್ಟರು. ಬೇಲಿಯ ಕಂಬ, ಮಾಳಿಗೆಯ ಚಪ್ಪಡಿ, ಹೊಸಲಿನ ಕಲ್ಲು. ಪ್ರತಿ ಚಪ್ಪಡಿಯನ್ನೂ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕಿದ್ದರೆ ಗಿರಾಕಿ ಬೇಕೆಂದರೂ ಕೊಡುತ್ತಿರಲಿಲ್ಲ. "ನನ್ ಮಾಳಿಗೆ ಬಿದ್ರೆ ನಿನ್ನ ಬಂದ್ ಕೇಳ್ತೀನಾ, ಕೊಡು ಚೌರಪ್ಪ" ಎಂದು ಒಬ್ಬ ಜಗಳಕ್ಕೇ ನಿಂತಿದ್ದ. "ನೀ ಕೇಳಕಿಲ್ಲ ಕಣ್ಲಾ, ಮ್ಯಾಲಿರೋನು ಕೇಳ್ತಾನೆ" ಎಂದು ಇವರು ಆ ಚಪ್ಪಡಿಯನ್ನು ಅವನ ಎದುರಿಗೇ ಎರಡು ತುಂಡು ಮಾಡಿದರು. ಅವನ ಹೆಸರು ಬರೆದಿಲ್ಲ, ಅವನೂ ಪೂಜೆಗೆ ಬರುತ್ತಾನೆ.

ಅಮ್ಮ ತೀರಿಕೊಂಡಾಗ ನಿನಗೆ ಏಳು ವರ್ಷ. ಎರಡನೇ ಮದುವೆಯ ಮಾತು ತಂದವರಿಗೆಲ್ಲ ಕಾಫಿ ಕೊಟ್ಟು ಕಳಿಸಿದರು. ನಿನಗೆ ಜಡೆ ಹಾಕಲು ಪಕ್ಕದ ಮನೆಯ ಚಲುವಮ್ಮನಿಂದ ಕಲಿತರು. ಕಲ್ಲು ಎತ್ತುವ ಕೈ, ಜಡೆಯನ್ನೂ ಹಗ್ಗ ಹೊಸೆದ ಹಾಗೆ ಬಿಗಿಯುತ್ತಿದ್ದರು, ನೀನು ಕಣ್ಣೀರು ಹಾಕಿಕೊಂಡೇ ಸ್ಕೂಲಿಗೆ ಹೋಗುತ್ತಿದ್ದೆ. ಇದನ್ನು ಬರೆಯಬೇಕೋ ಬೇಡವೋ ನೀನೇ ಹೇಳು.

ಚರ್ಚಿನ ಕೆಲಸ ಬರೆಯಲು ಹೋದರೆ ಒಂದು ಪುಟ ಸಾಲದು. ಗಂಟೆ ಹೊಡೆಯುವುದು, ಬೆಂಚು ರಿಪೇರಿ, ದಿಕ್ಕಿಲ್ಲದವರ ಸಮಾಧಿಗೆ ಸುಣ್ಣ ಬಳಿಯುವುದು. ಎಲ್ಲಕ್ಕಿಂತ ದೊಡ್ಡದು ಪವಿತ್ರ ಗುರುವಾರದ ಕೆಲಸ. ಇಪ್ಪತ್ತನಾಲ್ಕಕ್ಕೆ ಕಲ್ಲಿನ ಗಿರಾಕಿಗಳೂ ಬರುತ್ತಾರಲ್ಲ, ಅವರಿಗೂ ತಿಳಿಯಲಿ ಎಂದು ಬಿಡಿಸಿ ಬರೆದಿದ್ದೇನೆ. ಯೇಸುಸ್ವಾಮಿ ಕೊನೆಯ ರಾತ್ರಿ ಊಟದ ಹೊತ್ತಿನಲ್ಲಿ ಹನ್ನೆರಡು ಶಿಷ್ಯರ ಕಾಲು ತೊಳೆದರು. ಅದರ ನೆನಪಿಗೆ, ಈಸ್ಟರಿಗೆ ಮೊದಲ ಗುರುವಾರ ಸಂಜೆ, ಬಲಿಪೀಠದ ಮುಂದೆ ಹನ್ನೆರಡು ಕುರ್ಚಿ ಹಾಕಿ ಊರಿನ ಹನ್ನೆರಡು ಗಂಡಸರನ್ನು ಕೂರಿಸಿ ಫಾದರು ಅವರ ಕಾಲು ತೊಳೆಯುತ್ತಾರೆ. ಆ ಹನ್ನೆರಡು ಜನರನ್ನು ಆರಿಸುವುದು ಇಪ್ಪತ್ತಾರು ವರ್ಷ ಅಪ್ಪನ ಕೆಲಸ. ತಾವು ಮಾತ್ರ ಈ ವರ್ಷದವರೆಗೆ ಒಂದು ಸಲವೂ ಕೂತವರಲ್ಲ.

ಆದರೆ ನಮ್ಮವರಲ್ಲಿ ಬಹುಪಾಲು ಕಲ್ಲು ಒಡೆಯುವವರು. ಬಿರುಕು ಬಿಟ್ಟ ಹಿಮ್ಮಡಿ, ಉಗುರಿನ ಸಂದಿಯಲ್ಲೆಲ್ಲ ಕಲ್ಲಿನ ಪುಡಿ. ಬಿಳಿ ಅಂಗಿಯ ಫಾದರ ಮುಂದೆ ಆ ಕಾಲು ಚಾಚಲು ನಾಚಿಕೆಪಟ್ಟು ಮೊದಲ ವರ್ಷ ನಾಲ್ಕು ಜನ ಬರಲೇ ಇಲ್ಲವಂತೆ. ಮರುವರ್ಷದಿಂದ ಅಪ್ಪ ಮಧ್ಯಾಹ್ನ ಮೂರು ಗಂಟೆಗೇ ಹನ್ನೆರಡು ಜನರನ್ನೂ ನಮ್ಮ ಹಿತ್ತಲಿಗೆ ಕರೆಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಹಂಡೆಯ ಬಿಸಿನೀರು ಸುರಿದು, ಸೀಗೆಪುಡಿ ಹಾಕಿ ತಾವೇ ಉಜ್ಜುತ್ತಿದ್ದರು. ಕ್ರೈಸ್ತನಲ್ಲದಿದ್ದರೂ ಕುಳ್ಳಯ್ಯ ಪ್ರತಿ ವರ್ಷ ಹಂಡೆಗೆ ಸೌದೆ ಹಾಕಲು ಬರುತ್ತಿದ್ದ, ಅಪ್ಪನ ಜೊತೆ ಕ್ವಾರಿಯಲ್ಲಿ ಕಲ್ಲು ಹೊತ್ತವನಲ್ಲವೆ. "ಈವಯ್ಯ ಇಲ್ಲೇ ಉಜ್ಜಿ ಉಜ್ಜಿ ಬೆಳ್ಳಗೆ ಮಾಡ್ಬುಟ್ಟವ್ನೆ, ಅಲ್ಲಿ ಸ್ವಾಮ್ಯೋರ್ಗೆ ಏನೂ ಉಳ್ದಿಲ್ಲ ಕಣ್ರಲಾ" ಎಂದು ಅವನು ರೇಗಿಸಿದರೆ ಅಪ್ಪ ನಗುತ್ತಿರಲಿಲ್ಲ. "ಸುಮ್ಕೆ ಉರಿ ಆಕ್ಲಾ" ಎನ್ನುತ್ತಿದ್ದರು. ಇದನ್ನು ಖಂಡಿತ ಓದಬೇಕು.

ಇನ್ನು ನನ್ನ ವಿಷಯ. ಮದುವೆಯಾದ ಗಂಡಸಿಗೆ ಮಾತ್ರ ಕುರ್ಚಿ, ಅದೂ ಚರ್ಚಿನಲ್ಲಿ ತಾಳಿ ಕಟ್ಟಿದವನಿಗೆ ಎನ್ನುವುದು ಅಪ್ಪನೇ ಮಾಡಿದ ಕಟ್ಟಳೆ. ನಾನು ಚಿಕ್ಕವನಿದ್ದಾಗಿನಿಂದ ಟವೆಲು ಹಿಡಿದು ನಿಂತು ನನ್ನ ಸರದಿಗೆ ಕಾದವನು. 1986ರಲ್ಲಿ ಗೌಡರ ಹುಡುಗಿಯನ್ನು ರಿಜಿಸ್ಟರ್ ಮದುವೆಯಾದೆ. ಅಪ್ಪ ಕೂಗಾಡಲಿಲ್ಲ. "ಮಾಡ್ಕಂಡಿದ್ದೀಯ, ಚೆನ್ನಾಗಿ ಬಾಳ್ಸು. ಕುರ್ಚಿ ಮಾತ್ರ ಕೇಳ್ಬೇಡ" ಎಂದರು. ನಾನೂ ಕೇಳಲಿಲ್ಲ. ಇಲ್ಲಿ ಮನೆ ಕಟ್ಟುವಾಗ ಕುಳ್ಳಯ್ಯ ಒಂದು ಟ್ರಾಕ್ಟರು ಕಲ್ಲು ತಂದು, "ಮಾಲು ಮಿಕ್ಕೋಗದೆ, ಎಲ್ಲಾರಾ ಆಕ್ಬುಡು ಅಂದ್ರು ನಿಮ್ಮಪ್ಪಾರು" ಎಂದು ಇಳಿಸಿ ಹೋದ. ಮಿಕ್ಕ ಮಾಲು ನನ್ನ ಮನೆಯ ಹೊಸಲಿಗೂ ಮೆಟ್ಟಿಲಿಗೂ ಅಳತೆ ತೆಗೆದ ಹಾಗೆ ಕೂತಿತು. ಹೀಗೆ ಹನ್ನೊಂದು ವರ್ಷ ಕಳೆಯಿತು.

ಈ ವರ್ಷದ್ದನ್ನು ನೀನೇ ಬರೆದಿದ್ದೆ. ಪಟ್ಟಿ ತೋರಿಸಲು ಹೋದ ಅಪ್ಪನಿಗೆ ಹೊಸ ಫಾದರು, "ಯೇಸುಸ್ವಾಮಿ ಯಾರ ಮದುವೆ ಸರ್ಟಿಫಿಕೇಟು ಕೇಳಿದ್ರು ಚೌರಪ್ಪನೋರೆ?" ಎಂದರಂತೆ. ಅಪ್ಪ ಎರಡು ವಾರ ಆ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿ, ಒಂದು ದಿನ ನನಗೊಂದು ಕಾರ್ಡು ಬರೆದು ಅಂಚೆಗೆ ಹಾಕಲು ನಿನ್ನ ಕೈಗೆ ಕೊಟ್ಟರು. "ಗುರುವಾರ ಮೂರಕ್ಕೆ ಬಾ. ಹನ್ನೆರಡರಲ್ಲಿ ನಿನ್ನ ಹೆಸರಿದೆ. ಸೊಸೆಯನ್ನೂ ಮಗುವನ್ನೂ ಕರೆದುಕೊಂಡು ಬಾ." ನಾನು ಬರಲಿಲ್ಲ. ಸಂಜೆ ಹನ್ನೊಂದು ಜನ ಕೂತರು. ಕುರ್ಚಿ ಖಾಲಿ ಬಿಡಬಾರದೆಂದು ಅಪ್ಪನೇ ಕೂತರು, ಎಲ್ಲರ ಕಾಲು ಉಜ್ಜಿದವರು ತಮ್ಮ ಕಾಲು ತೊಳೆದುಕೊಂಡಿರಲಿಲ್ಲ ಎಂದೂ ಬರೆದಿದ್ದೆ. ನಾಲ್ಕು ವಾರಕ್ಕೆ, ತಮ್ಮ ಕಲ್ಲಿನ ಅಂಗಡಿಯಲ್ಲಿ ಕೂತಲ್ಲೇ ಹೋದರು. ಮಣ್ಣಿನ ದಿನ ಎಲ್ಲರೂ ಕೇಳಿದ್ದಕ್ಕೆ ನಾನು, ಕಾರ್ಡು ನನ್ನ ಕೈಸೇರಿದ್ದು ಶನಿವಾರ ಎಂದೆ. ಕುಳ್ಳಯ್ಯ ನನ್ನ ಭುಜ ಹಿಡಿದು ಅತ್ತ.

ಈಗ ಫಾದರು ಅವತ್ತು ಪೂಜೆಯಲ್ಲಿ ಉಪದೇಶ ಮಾಡುವಾಗ ಇದನ್ನೇ ಹೇಳುತ್ತಾರೆ ಎಂದು ಬರೆದಿದ್ದೀಯ. ಕಾರ್ಡು ಸಮಯಕ್ಕೆ ಸಿಗದೆ ಬರಲಾಗದ ಮಗ, ಅವನ ಕುರ್ಚಿಯಲ್ಲಿ ಕೂತ ತಂದೆ. ಅದಾದ ಮೇಲೆ ಆ ಮಗ ಎದ್ದು ನಿಂತು ಜೀವನ ಚರಿತ್ರೆ ಓದಬೇಕು. ಲೂರ್ದು, ದಯವಿಟ್ಟು ಅವರಿಗೆ ಹೇಳಿ ಅದನ್ನು ಬಿಡಿಸು. ಸಂಸಾರದ ಸಂಗತಿಯನ್ನು ಮೈಕಿನಲ್ಲಿ ಹೇಳುವುದು ಅಪ್ಪನಿಗೆ ಹಿಡಿಸುತ್ತಿರಲಿಲ್ಲ. ಓದುವುದನ್ನೂ ನೀನೇ ಓದು, ನನ್ನ ಗಂಟಲು ಸರಿಯಿಲ್ಲ. ಪೂಜೆಗೆ ನಾವು ಮೂವರೂ ಬೆಳಿಗ್ಗೆ ಮೊದಲ ಬಸ್ಸಿಗೇ ಬರುತ್ತೇವೆ.

ಬಿಸಿಲು ಜಾಸ್ತಿ, ಮಧ್ಯಾಹ್ನ ಹೊರಗೆ ಓಡಾಡಬೇಡ. ಯಜಮಾನರಿಗೆ ಕೇಳಿದೆನೆಂದು ಹೇಳು. ದೇವಮಾತೆ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಣ್ಣ,
ಇನ್ನಾಸಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಆಗಿರಲಿಲ್ಲ. ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಕಾರ್ಡು ನನಗೆ ಸಿಕ್ಕಿದ್ದು ಮಂಗಳವಾರ. ಗುರುವಾರ ಪ್ರಮೀಳಾಳಿಗೂ ಹೇಳದೆ, ಚಿನಕುರಳಿ ಮೇಲಿನ ಬಸ್ಸು ಹಿಡಿದು ಮೂರು ಗಂಟೆಗೆ ಸರಿಯಾಗಿ ಬಂದಿದ್ದೆ. ನಮ್ಮ ಮನೆಯ ಎದುರು ಒಂದು ಟ್ರಾಕ್ಟರು ನಿಂತಿತ್ತು, ಅದರ ಮಗ್ಗುಲಲ್ಲಿ ನಿಂತೆ. ಅಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು ಗೇಟಿಗೆ ಬಂದು ಬಸ್‌ಸ್ಟ್ಯಾಂಡಿನ ಕಡೆ ನೋಡಿದರು. ಒಳಗೆ ಹೋಗಿ, "ನೀರು ಆರ್ಬಾರ್ದು ಕಣ್ಲಾ ಕುಳ್ಳ, ಇನ್ನೊಬ್ಬ ಬರ್ಬೇಕು" ಎಂದಿದ್ದು ನನಗೆ ಕೇಳಿಸಿತು. ಆಮೇಲೆ ಮತ್ತೆ ಬಂದು ನೋಡಿದರು. ಐದು ಹೆಜ್ಜೆ ಇಟ್ಟಿದ್ದರೆ ಆಗಿತ್ತು. ಸಿಟ್ಟಿರಲಿಲ್ಲ ಲೂರ್ದು, ಅವರು ನನಗಾಗಿ ದಾರಿ ನೋಡುವುದನ್ನು ನೋಡಲು ಹಿತವಾಗಿತ್ತು. ಹನ್ನೊಂದು ವರ್ಷ ನಾನು ಕಾದಿದ್ದೇನೆ, ಇನ್ನೊಂದು ವರ್ಷ ಅವರು ಕಾಯಲಿ ಅಂದುಕೊಂಡೆ. ಮೂರನೇ ಸಲ ಬಂದವರು ಟ್ರಾಕ್ಟರಿನ ಕಡೆಗೇ ನೋಡಿದರು, ತುಂಬ ಹೊತ್ತು ನೋಡಿದರು. ಅವರಿಗೆ ನಾನು ಕಂಡಿರಲೇಬೇಕು. ಕರೆಯಲಿಲ್ಲ. ಗೇಟನ್ನು ಪೂರ್ತಿ ತೆರೆದಿಟ್ಟು ಒಳಗೆ ಹೋದರು. ನಾನು ನಾಲ್ಕೂವರೆ ಬಸ್ಸಿಗೆ ವಾಪಸ್ಸು ಬಂದೆ.