ಕರಡಿ ಕೂದಲಿನ ತಾಯಿತ

ಸನ್ನಿವೇಲ್
ಶುಕ್ರವಾರ, ಮಾರ್ಚ್ 13

ಯಜಮಾನರಿಗೆ ಜಯಂತಿಯ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಬಿಪಿ ಮಾತ್ರೆ ತಪ್ಪಿಸಬೇಡಿ, ಮಲ್ಲಪ್ಪನ ಹೋಟೆಲಿನ ಬೋಂಡಾ ತಪ್ಪಿಸಿ. ಈ ಸುದ್ದಿ ಫೋನಿನಲ್ಲಿ ಹೇಳಹೊರಟರೆ ಅತ್ತುಬಿಡುತ್ತೇನೆ, ಅದಕ್ಕೇ ಪತ್ರ. ಸಾಗರನ ಸ್ನೇಹಿತ ಮಧುಕರ್ ಸಂಜೆ ಊರಿಗೆ ಹೊರಡುತ್ತಾನೆ, ಅವನ ಕೈಲಿ ಕಳಿಸುತ್ತೇನೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಡೇಕೇರಿಗೆ ಸೇರಿದಾಗಿನಿಂದ ನಮ್ಮ ಮೊಮ್ಮಗಳು ಲಾಸ್ಯಾ ನಿದ್ದೆಯಲ್ಲಿ ಬೆಚ್ಚಿಬಿದ್ದು ಚೀರುತ್ತಿದ್ದಳು. ಎರಡು ವರ್ಷದ ಕೂಸು, ನೋಡಲಾಗುತ್ತಿರಲಿಲ್ಲ. ಸಾಗರ್ ಚಿಕ್ಕಂದಿನಲ್ಲಿ ಹೀಗೇ ಬೆಚ್ಚುತ್ತಿದ್ದಾಗ ಕರಡಿ ಆಡಿಸುವವನಿಂದ ಕೂದಲು ಇಸಿದುಕೊಂಡು ತಾಯಿತ ಕಟ್ಟಿದ್ದೆವಲ್ಲ, ಮೂರೇ ದಿನಕ್ಕೆ ಸರಿಹೋಗಿದ್ದ. ಈ ಪರದೇಶದಲ್ಲಿ ಕರಡಿಯನ್ನು ಎಲ್ಲಿಂದ ತರಲಿ? ಹೋದ ತಿಂಗಳ ಕೊನೆಗೆ ಸೊಸೆ ವಾಣಿಶ್ರೀ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಅಲ್ಲಿ ಬಂದವರಿಗೆಲ್ಲ ವಿವರ ಹೇಳುವ ರಘೋತ್ತಮ ಅಂತ ನಮ್ಮ ಉಡುಪಿಯವರೊಬ್ಬರಿದ್ದಾರೆ. ಒಂದು ಕಾಲಕ್ಕೆ ಈ ಬೆಟ್ಟಗಳ ತುಂಬಾ ಗ್ರಿಜ್ಲಿ ಕರಡಿಗಳೇ ಇದ್ದವಂತೆ. ಓಕ್ ಮರದ ಕಾಯಿ ತಿನ್ನುತ್ತಿದ್ದವಂತೆ, ದಡಕ್ಕೆ ಬಿದ್ದ ತಿಮಿಂಗಿಲವನ್ನೂ ಬಿಡುತ್ತಿರಲಿಲ್ಲವಂತೆ. ಇಲ್ಲಿನ ಮೂಲನಿವಾಸಿಗಳು ಅವಕ್ಕೆ ಹೆದರಿ ನಡೆಯುತ್ತಿದ್ದರು. ಆಮೇಲೆ ಬಂದವರು ಹಿಡಿದು ಗೂಳಿಯ ಜೊತೆ ಕಾದಾಡಿಸಿದರು, ಗುಂಡಿಟ್ಟರು. ನೂರು ವರ್ಷದಿಂದ ಈ ರಾಜ್ಯದಲ್ಲಿ ಒಂದೂ ಇಲ್ಲ. “ರಾಜ್ಯದ ಬಾವುಟದ ಮೇಲೆ ಮಾತ್ರ ಉಂಟು, ಅಮ್ಮ” ಅಂದರು.

ಮಕ್ಕಳು ಮುಟ್ಟಲೆಂದೇ ಅಲ್ಲೊಂದು ಚರ್ಮ ಹಾಸಿದ್ದರು, ಅದು ಅಲಾಸ್ಕಾದ್ದಂತೆ. ಹಗ್ಗದಾಚೆ ಹುಲ್ಲು ತುಂಬಿ ನಿಲ್ಲಿಸಿದ್ದ ಹಳೆಯ ಕರಡಿ ಮಾತ್ರ ಇದೇ ನೆಲದ್ದು. ಈ ಊರಿನ ಭಯಕ್ಕೆ ಈ ಊರಿನ ಕರಡಿಯೇ ಆಗಬೇಕು ಅಂದುಕೊಂಡೆ ನಾನು, ಮಹಾ ಬುದ್ಧಿವಂತೆ! ಯಾರೂ ನೋಡದಾಗ ಕೈ ಚಾಚಿ ನಾಲ್ಕು ಕೂದಲು ಕಿತ್ತೆ. ಕೆಂಪು ಬಟ್ಟೆಯಲ್ಲಿ ಹೊಲಿದು ಮಗುವಿನ ಕೊರಳಿಗೆ ಕಟ್ಟಿದೆ. ಊರಿಂದ ತಂದದ್ದು ಅಂತ ವಾಣಿಗೆ ಸುಳ್ಳು ಹೇಳಿದೆ. ಮಗು ಸುಖವಾಗಿ ಮಲಗಿತು ಕಣ್ರೀ.

ಮೊನ್ನೆ ಮಂಗಳವಾರ ರಘೋತ್ತಮರು ದೇವಸ್ಥಾನದಲ್ಲಿ ಸಿಕ್ಕರು. ಆ ಹಗ್ಗ ಯಾಕೆ ಅಂತ ಸುಮ್ಮನೆ ಕೇಳಿದೆ. ಆ ಕಾಲದಲ್ಲಿ ಚರ್ಮಕ್ಕೆ ಹುಳು ಹಿಡಿಯದಿರಲೆಂದು ಪಾಷಾಣ ಸವರುತ್ತಿದ್ದರಂತೆ, ಕೂದಲಲ್ಲೆಲ್ಲ ಇನ್ನೂ ಇರುತ್ತದಂತೆ. ಲಾಸ್ಯಾ ಆ ತಾಯಿತವನ್ನು ದಿನವಿಡೀ ಚೀಪುತ್ತಿದ್ದಳು!

ಮನೆಗೆ ಓಡಿಬಂದು ಅದನ್ನು ಕಿತ್ತುಹಾಕಿದೆ. ವಾಣಿ ತನ್ನ ಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದಳು, ಬಾಗಿಲು ಬಡಿದು ಎಲ್ಲ ಹೇಳಿದೆ. ಅವಳು ಕಿರುಚಲಿಲ್ಲ, ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಪರೀಕ್ಷೆಗೆ ಕೊಟ್ಟಿದ್ದಾರೆ, ರಿಪೋರ್ಟು ಇವತ್ತು ಬರಬೇಕು. ಮೂರು ದಿನದಿಂದ ಅವಳು ನನ್ನ ಹತ್ತಿರ ಒಂದು ಮಾತೂ ಆಡಿಲ್ಲ. ಸಾಗರ್ “ಇರ್ಲಿ ಬಿಡಮ್ಮಾ” ಅನ್ನುತ್ತಾನೆ, ಮುಖ ನೋಡುವುದಿಲ್ಲ. ಮಗುವಿಗೇನಾದರೂ ಆದರೆ ನಾನು ಬದುಕಿರಲಾರೆ, ಇದು ಬರೀ ಬಾಯಿಮಾತಲ್ಲ.

ದೇವರ ಮುಂದೆ ಒಂದು ದೀಪ ಹಚ್ಚಿಡಿ.

ಇಂತಿ ನಿಮ್ಮ
ಜಯಂತಿ

ಮರೆತ ಮಾತು: ಈಗಷ್ಟೇ ಆಸ್ಪತ್ರೆಯಿಂದ ಫೋನ್ ಬಂತು. ಮಗುವಿಗೆ ಏನೂ ಇಲ್ಲ, ಏನೇನೂ ಇಲ್ಲ! ವಾಣಿ ಮಗುವನ್ನು ತಬ್ಬಿಕೊಂಡು ಅತ್ತಳು. ಆಮೇಲೆ ನನ್ನ ಕಡೆ ತಿರುಗಿ, “ಅತ್ತೆ, ಹೊಲಿಯುವಾಗ ದಾರ ಬಾಯಲ್ಲಿ ಕಚ್ಚಿದ್ರಾ?” ಅಂದಳು. ಮೂರು ದಿನದ ಮೇಲೆ ಆಡಿದ ಮೊದಲ ಮಾತು. ದಾರ ಅಷ್ಟೇ ಅಲ್ಲ, ಕೂದಲನ್ನೂ ಹಲ್ಲಲ್ಲೇ ಹಿಡಿದುಕೊಂಡಿದ್ದೆ ಅಂದೆ. “ಚಪ್ಪಲಿ ಹಾಕ್ಕೊಳ್ಳಿ, ನಿಮ್ಗೂ ಪರೀಕ್ಷೆ ಮಾಡಿಸ್ಬೇಕು” ಅಂದು ಕಾರಿನ ಕೀ ತೆಗೆದುಕೊಂಡಳು. ಕೆಳಗಿನಿಂದ ಹಾರ್ನ್ ಮಾಡುತ್ತಿದ್ದಾಳೆ, ಬರಲೇ?