ಏಳದ ಗಾಳಿಚೀಲ

ವೆಸ್ಟ್ ಮಾಂಬಲಂ, ಮದರಾಸು
ತಾ. 14-6-1979

ಚಿ. ಸೌ. ವಿನೋದಾಳಿಗೆ ಆಶೀರ್ವಾದ.

ನಿನ್ನ ಎರಡು ಕಾಗದಗಳೂ ಬಂದವು. ಉತ್ತರ ತಡವಾಯಿತು, ಬೇಸರಿಸಬೇಡ. ವಿಮಲಾ, ಮಗು ಇಬ್ಬರೂ ಸೌಖ್ಯವೆಂದು ತಿಳಿದು ಸಮಾಧಾನವಾಯಿತು. ಬಾಣಂತನ ಮುಗಿಸಿಯೇ ಬಾ. ನಿನ್ನ ತಂಗಿಗೆ ಬೇರೆ ಯಾರಿದ್ದಾರೆ? ನನ್ನ ಊಟ ಸ್ಟೇಷನ್ ಪಕ್ಕದ ಮೋನಪ್ಪನವರ ಹೋಟೆಲಿನಲ್ಲಿ ನಡೆಯುತ್ತಿದೆ. ಕುಂದಾಪುರದ ಕಡೆಯವನೆಂದು ಕೇಳದೆಯೇ ಇನ್ನೊಮ್ಮೆ ಸಾರು ಹಾಕಿಸುತ್ತಾರೆ.

ತಡಕ್ಕೆ ಕಾರಣವಿದೆ. ಇದೇ ಒಂದನೇ ತಾರೀಖು ಶುಕ್ರವಾರ ರಾಮದಾಸನಿಗೆ ನಮ್ಮ ಫ್ಲೈಯಿಂಗ್ ಕ್ಲಬ್ಬಿನ ಸಣ್ಣ ವಿಮಾನ ಇಳಿಸುವಾಗ ಅಪಘಾತವಾಯಿತು. ಗಾಬರಿಯಾಗಬೇಡ, ಬದುಕಿದ್ದಾನೆ. ಬಲಗಾಲು ಮತ್ತು ಭುಜದ ಮೂಳೆ ಮುರಿದಿವೆ. ಇಷ್ಟನ್ನು ಬರೆಯಲು ನನಗೆ ಹದಿಮೂರು ದಿನ ಹಿಡಿಯಿತು. ಬರೆದರೆ ನೀನು ಮಗುವನ್ನು ಬಿಟ್ಟು ಮಂಗಳೂರು ಮೇಲ್ ರೈಲು ಹತ್ತಿಬಿಡುತ್ತೀಯೋ ಎಂದು ಅನ್ನಿಸುತ್ತಿತ್ತು.

ಕೆಳಮನೆಯ ನಾಗಮಣಿಯಮ್ಮ ಮೆಟ್ಟಿಲಲ್ಲೇ ನಿಲ್ಲಿಸಿ ಕೇಳಿದರು: "ಏನ್ರೀ ಸುಬ್ರಾಯರೇ, ನಿಮ್ಮ ಭಾನುವಾರದ ಗೆಸ್ಟು ಬಿದ್ದರಂತಲ್ಲ, ಪಾಪ! ವಿನೋದಾಗೆ ತಂತಿ ಕೊಟ್ರೋ ಇಲ್ವೋ?"

"ಅವಳಿಗೆ ಯಾಕೆ ತಂತಿ?" ಎಂದೆ.

"ಅವರು ಊಟಕ್ಕೆ ಬರೋ ದಿನ ಒಂದು ಕಾಯಿಗೆ ಎರಡು ಕಾಯಿ ತುರೀತಾಳಲ್ಲ, ಅದಕ್ಕೇ ಕೇಳಿದೆ" ಎಂದು ನಕ್ಕರು. ಆಕೆಯದು ಬರೀ ತಮಾಷೆ. ನಾನು ಮೇಲೆ ಬಂದು ಬಹಳ ಹೊತ್ತು ತುರಿಮಣೆಯನ್ನು ನೋಡುತ್ತ ನಿಂತಿದ್ದೆ.

ಆದದ್ದಿಷ್ಟು. ಅಂಬತ್ತೂರಿನ ಆಚೆಯ ನಮ್ಮ ಮೈದಾನದಲ್ಲಿ ಜೂನ್ ತಿಂಗಳ ಬೆಳಗಿನ ಗಾಳಿ ಪಡುವಣದ್ದು. ಮಧ್ಯಾಹ್ನ ಸಮುದ್ರದ ಗಾಳಿ ಹೊಕ್ಕಿತೆಂದರೆ ದಿಕ್ಕು ತಿರುಗುತ್ತದೆ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಗಾಳಿ ಬೆನ್ನಿಗಿದ್ದರೆ ವೇಗ ತಗ್ಗುವುದಿಲ್ಲ, ನಮ್ಮ ಗಿಡ್ಡ ಓಡುಹಾದಿ ಸಾಲುವುದಿಲ್ಲ. ಮೇಲಿರುವವನಿಗೆ ಕೆಳಗಿನ ಗಾಳಿ ತಿಳಿಯುವುದು ಕಂಬದ ಮೇಲೆ ಗಾಳಿ ತುಂಬಿ ಏಳುವ ಬಟ್ಟೆಯ ಗಾಳಿಚೀಲದಿಂದ ಮಾತ್ರ. ಎಷ್ಟೋ ಹುಡುಗರಿಗೆ ಹಾರಲು ಕಲಿಸಿದ ರಾಮದಾಸ ಅಂದು ಮಧ್ಯಾಹ್ನ ಆ ಚೀಲವನ್ನು ನೋಡಿದ. ಅದು ಅಲುಗದೆ ಇಳಿಬಿದ್ದಿತ್ತು. ಗಾಳಿಯಿಲ್ಲವೆಂದುಕೊಂಡು ಬೆಳಗಿನ ದಿಕ್ಕಿನಲ್ಲೇ ಇಳಿದ. ವಿಮಾನ ಹಾದಿ ಮುಗಿದರೂ ನಿಲ್ಲದೆ ಹೋಗಿ ಕೆರೆ ಏರಿಗೆ ಮೂಗು ಹೊಡೆದು ಮಗುಚಿತು. ನಾನು ರಿಪೇರಿ ಷೆಡ್ಡಿನಿಂದ ಓಡಿದೆ. ಓಡುವಾಗ ಗಾಳಿ ನನ್ನ ಬೆನ್ನನ್ನು ತಳ್ಳುತ್ತಿತ್ತು.

ಆ ಚೀಲ ನೀನು ಹೊಲಿದದ್ದು. ಹಳೆಯದು ಹರಿದಾಗ "ಬೊಂಬಾಯಿಂದ ಬರೋಕೆ ಮೂರು ತಿಂಗಳು, ಅತ್ತಿಗೆ ಮಿಷನ್ನಿಂದ ಬರೋಕೆ ಒಂದು ಸಂಜೆ" ಎಂದು ಅವನು ಬಟ್ಟೆ ತಂದುಕೊಟ್ಟಿದ್ದನಲ್ಲ. ಮಳೆಗೆ ತಾಳಲೆಂದು ನೀನು ಒಳಗೆ ಲೈನಿಂಗ್ ಕೊಟ್ಟೆ. ನಮ್ಮ ಬಾಗಿಲಿನ ಪರದೆಗೆಂದು ಪಾಂಡಿ ಬಜಾರಿನಿಂದ ತಂದಿಟ್ಟಿದ್ದ ದಪ್ಪ ಬಟ್ಟೆಯದು. ಆ ಭಾರವನ್ನು ಸಾಧಾರಣ ಗಾಳಿ ಎತ್ತಲಾರದು. ಅದು ನಿನಗೆ ಗೊತ್ತಿರಬೇಕಾದ ವಿಷಯವಲ್ಲ. ಹೇಳಬೇಕಾದವನು ನಾನು.

ಸೋಮವಾರ ವಿಚಾರಣೆಯ ಅಧಿಕಾರಿ ಬಂದರು. "ಗಾಳಿಚೀಲ ಸರಿಯಿತ್ತೇ?" ಎಂದು ಕೇಳಿದರು. "ನಾನೇ ಕಟ್ಟಿದ್ದು" ಎಂದೆ. ಅವರು ಬಂದ ದಿನ ಜೋರು ಗಾಳಿಯಿತ್ತು. ಚೀಲ ಚೆನ್ನಾಗಿಯೇ ತುಂಬಿಕೊಂಡು ನಿಂತಿತ್ತು. ಅವರು ಪೈಲಟನ ತಪ್ಪು ಎಂದು ಬರೆದುಕೊಂಡರು. ಅವನ ಲೈಸೆನ್ಸು ಹೋಗುವುದು ಖಂಡಿತವಾಯಿತು.

ಸಂಜೆ ಆಸ್ಪತ್ರೆಗೆ ಹೋದೆ. ರಾಮದಾಸನ ಕಾಲನ್ನು ಮೇಲಕ್ಕೆ ಕಟ್ಟಿದ್ದರು. "ಏನೋ ವಿಮಾನದ ಡಾಕ್ಟರೇ, ನನ್ನ ರೆಕ್ಕೆ ಯಾವಾಗ ರಿಪೇರಿ?" ಎಂದ. ಆಮೇಲೆ ದನಿ ತಗ್ಗಿಸಿ, "ಚೀಲ ಸತ್ತ ಹಲ್ಲಿ ಥರ ನೇತಾಡ್ತಿತ್ತು ಕಣೋ. ಅವರಿಗೆ ಹೇಳಿಲ್ಲ" ಎಂದ.

"ಯಾಕೆ?"

"ಯಾರು ಹೊಲಿದದ್ದು ಅಂತ ಕೇಳ್ತಾರೆ. ಅತ್ತಿಗೆ ಹೆಸರು ಫೈಲಿಗೆ ಹೋಗೋದು ಬೇಡ. ಹಾರದಿದ್ರೆ ಏನಂತೆ, ಮೈಸೂರಲ್ಲಿ ಅಣ್ಣನ ಸೈಕಲ್ ಅಂಗಡಿ ಇದೆ. ನೀನೂ ಬಾಯಿ ಬಿಡಬೇಡ."

ಹನ್ನೊಂದು ವರ್ಷ ಆಕಾಶದಲ್ಲಿ ಕಳೆದವನು ಸೈಕಲ್ ಅಂಗಡಿಯ ಮಾತನ್ನು ನಗುತ್ತಲೇ ಆಡಿದ. ನಾನು ಬಸ್ಸಿಗೂ ಕಾಯದೆ ಮನೆಯವರೆಗೆ ನಡೆದೇ ಬಂದೆ.

ನಿನ್ನೆ ಅಧಿಕಾರಿಯ ಬಳಿ ಹೋಗಿ ಎಲ್ಲ ಹೇಳಿದೆ. ಚೀಲ ಬಿಚ್ಚಿಸಿ ಕೈಯಲ್ಲಿ ತೂಗಿ ನೋಡಿದರು. "ಹೊಲಿದವರಾರು?" ಎಂದರು. "ಏರಿಸಿದವನು ನಾನು, ಅಷ್ಟನ್ನೇ ಬರೆದುಕೊಳ್ಳಿ" ಎಂದೆ. ಒಪ್ಪಿದರು. ರಾಮದಾಸನ ಲೈಸೆನ್ಸು ಉಳಿಯುತ್ತದೆ. ನನ್ನದನ್ನು ಒಂದು ವರ್ಷ ತಡೆದಿದ್ದಾರೆ. ಯಾವ ವಿಮಾನದ ರಿಪೇರಿಗೂ ನಾನು ಸಹಿ ಹಾಕುವಂತಿಲ್ಲ. ಷೆಡ್ಡಿನಲ್ಲಿ ಬೇರೆ ಕೆಲಸವಿದೆ, ಚಿಂತಿಸಬೇಡ.

ಮಗುವಿಗೆ ನನ್ನ ಮುತ್ತು. ವಿಮಲಾಳಿಗೂ ನಿನಗೂ ದೇವರು ಆಯುರಾರೋಗ್ಯ ಕೊಡಲಿ.

ಇತಿ,
ಸುಬ್ರಾಯ

ವಿ.ಸೂ.: ಹೊಸ ಚೀಲವನ್ನು ಕಂಬಕ್ಕೆ ಏರಿಸುವ ಮೊದಲು ಜೀಪಿನ ಹಿಂದೆ ಹಿಡಿದು ಮೆಲ್ಲಗೆ ಓಡಿಸಿ ನೋಡುವುದು ನಮ್ಮಲ್ಲಿಯ ಪದ್ಧತಿ. ನೋಡಿದ್ದೆ. ಅದು ಏಳಲಿಲ್ಲ. ಲೈನಿಂಗ್ ಕತ್ತರಿಸಿ ತೆಗೆಯಲು ಹತ್ತು ನಿಮಿಷ ಸಾಕಾಗುತ್ತಿತ್ತು. ಆದರೆ ಅಂದು ಬೆಳಿಗ್ಗೆ ಚೀಲ ಕೈಗಿಡುತ್ತ ನೀನು ಕೇಳಿದ್ದೆ: "ರಾಮದಾಸರಿಗೆ ಹಿಡಿಸಬಹುದಾ?" ನಮ್ಮ ಹದಿನಾಲ್ಕು ವರ್ಷದ ಸಂಸಾರದಲ್ಲಿ ನನಗೆ ಹಿಡಿಸಿತೇ ಎಂದು ನೀನು ಏನನ್ನಾದರೂ ಕೇಳಿದ್ದು ನೆನಪಿಲ್ಲ. ಹಾಗೆಯೇ ಏರಿಸಿದೆ. ಭಾನುವಾರದ ಊಟದಲ್ಲಿ ಅವನು "ಇದು ಏಳೋದೇ ಇಲ್ಲ ಅತ್ತಿಗೆ" ಎನ್ನಲಿ, ನಿನ್ನ ಮುಖ ಒಮ್ಮೆ ಸಣ್ಣದಾಗಲಿ, ಅಷ್ಟೇ ನನ್ನ ಆಸೆ. ಅಷ್ಟರಲ್ಲಿ ವಿಮಲಾಳ ಕರೆ ಬಂದು ನೀನು ಊರಿಗೆ ಹೊರಟೆ; ಭಾನುವಾರಕ್ಕೆ ಮೊದಲು ಶುಕ್ರವಾರ ಬಂತು. ನಿನ್ನೆ ನಿಜ ಹೇಳಿದ್ದನ್ನೂ ಒಳ್ಳೆಯತನವೆಂದು ಓದಬೇಡ. ನಿನಗಾಗಿ ಆಕಾಶವನ್ನೇ ಬಿಟ್ಟವನು ಅವನೊಬ್ಬನೇ ಆಗಿ ಉಳಿದುಬಿಡುವುದನ್ನು ನನ್ನಿಂದ ಸಹಿಸಲಾಗಲಿಲ್ಲ.